ಹೊಲದಲ್ಲಿ ನಿಂತಿದ್ದ ದೋಣಿ

ಇವತ್ತಿನ ಮಾತು ಒಂದು ಹಳೆಯ ಹಾಯಿದೋಣಿಯ ರಿಪೇರಿ ಬಗ್ಗೆ.

ಸಮುದ್ರದ ಕಥೆ ಎಂದ ಕೂಡಲೇ ನೀವು ಬಿರುಗಾಳಿ, ತಿಮಿಂಗಿಲ, ಕಡಲ್ಗಳ್ಳರಿಗಾಗಿ ಕಾಯುತ್ತೀರಿ. ಅವೂ ಸ್ವಲ್ಪ ಬರುತ್ತವೆ. ಆದರೆ ದೋಣಿಯನ್ನೇ ಮನೆ ಮಾಡಿಕೊಂಡು ದೇಶ ಸುತ್ತಿದವರು ಬರೆದಿಟ್ಟದ್ದನ್ನು ಓದಿದರೆ ಬೇರೆಯೇ ಚಿತ್ರ ಸಿಗುತ್ತದೆ. ಅವರ ದಿನದ ದೊಡ್ಡ ಪಾಲು ಹೋಗುವುದು ಸೋರುವ ಜಾಗ ಹುಡುಕುವುದರಲ್ಲಿ, ಹರಿದ ಹಾಯಿ ಹೊಲಿಯುವುದರಲ್ಲಿ, ಬಣ್ಣ ಕೆರೆದು ಮತ್ತೆ ಬಳಿಯುವುದರಲ್ಲಿ. ಈ ಬದುಕಿನ ಇತಿಹಾಸವನ್ನು ಧೈರ್ಯದ ಇತಿಹಾಸ ಎಂದು ಬರೆಯುವುದು ರೂಢಿ. ನನಗೆ ಅದು ಮೊದಲಿಗೆ ರಿಪೇರಿಯ ಇತಿಹಾಸವಾಗಿ ಕಾಣುತ್ತದೆ. ಅದು ಶುರುವಾಗುವುದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ನೀರಿನಿಂದ ದೂರ, ಒಂದು ಹೊಲದಲ್ಲಿ.

ಜೋಶುವಾ ಸ್ಲೋಕಮ್ ಹುಟ್ಟಿದ್ದು 1844ರಲ್ಲಿ, ಕೆನಡಾದ ನೋವಾ ಸ್ಕೋಷಿಯಾದಲ್ಲಿ. ಅಪ್ಪ ಮೀನುಗಾರರಿಗೆ ಬೂಟು ಮಾಡಿಕೊಡುತ್ತಿದ್ದ. ಹುಡುಗನಿಗೆ ಆ ಚರ್ಮದ ವಾಸನೆ ಹಿಡಿಸಲಿಲ್ಲ. ಹದಿನಾರನೇ ವಯಸ್ಸಿಗೆ ಮನೆ ಬಿಟ್ಟು ಹಡಗು ಹತ್ತಿದ. ಶಾಲೆ ಕಲಿತದ್ದು ತೀರಾ ಕಡಿಮೆ, ಓದಿದ್ದೆಲ್ಲ ಹಡಗಿನಲ್ಲೇ. ಕೂಲಿ ನಾವಿಕನಾಗಿ ಸೇರಿದವನು ಒಂದೊಂದೇ ಮೆಟ್ಟಿಲು ಹತ್ತಿ ಕ್ಯಾಪ್ಟನ್ ಆದ. 1880ರ ದಶಕದ ಆರಂಭದಲ್ಲಿ ‘ನಾರ್ದರ್ನ್ ಲೈಟ್’ ಎಂಬ ದೊಡ್ಡ ಹಾಯಿಹಡಗಿಗೆ ಅವನೇ ಕ್ಯಾಪ್ಟನ್, ಅವನೇ ಪಾಲುದಾರ. ಅಮೆರಿಕದ ಅತಿ ಚೆಂದದ ಹಾಯಿಹಡಗು ತನ್ನದೇ ಎಂದು ಅವನಿಗೆ ಹೆಮ್ಮೆ.

ಹಡಗಿನಲ್ಲಿ ಸಂಸಾರವೂ ಇತ್ತು. ಈಗ ‘ಲಿವ್‌ಅಬೋರ್ಡ್’ ಎಂದು ಸ್ಟೈಲಾಗಿ ಹೇಳುವ ಬದುಕನ್ನು ವರ್ಜೀನಿಯಾ ವಾಕರ್ ಆಗಲೇ ಬದುಕಿದ್ದಳು. ಸಿಡ್ನಿಯಲ್ಲಿ ಬೆಳೆದ ಆಕೆ 1871ರಲ್ಲಿ ಅಲ್ಲೇ ಸ್ಲೋಕಮ್‌ನನ್ನು ಮದುವೆಯಾದಳು. ಅಲ್ಲಿಂದ ಮುಂದೆ ಹದಿಮೂರು ವರ್ಷ ಆಕೆಯ ವಿಳಾಸ ಎಂದರೆ ಗಂಡನ ಹಡಗು ಯಾವ ಬಂದರಿನಲ್ಲಿದೆಯೋ ಆ ಬಂದರು. ಏಳು ಮಕ್ಕಳು ಹುಟ್ಟಿದರು, ಉಳಿದವರು ನಾಲ್ವರು. ಅಲೆಗಳ ಮೇಲೆ ಬಾಣಂತನ, ಅಲ್ಲೇ ಮಕ್ಕಳಿಗೆ ಪಾಠ. 1884ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ, ಬ್ಯೂನಸ್ ಐರಿಸ್ ಬಂದರಿನಲ್ಲಿ ಹಡಗಿನಲ್ಲೇ ಆಕೆ ತೀರಿಕೊಂಡಳು. ಸ್ಲೋಕಮ್ ಬಗ್ಗೆ ಬರೆದವರು ಆಕೆಗೆ ಒಂದೆರಡು ಪುಟ ಕೊಟ್ಟು ಮುಂದೆ ಹೋಗುತ್ತಾರೆ. ಆಕೆಯೇ ಬರೆದಿದ್ದರೆ ಈ ಇತಿಹಾಸ ಹೇಗಿರುತ್ತಿತ್ತೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಅಷ್ಟರಲ್ಲಿ ಹಾಯಿಹಡಗಿನ ಕಾಲವೇ ಮುಗಿಯುತ್ತ ಬಂದಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಯುರೋಪಿನಿಂದ ಏಷ್ಯಾಕ್ಕೆ ಹೋಗುವ ಉಗಿಹಡಗುಗಳಿಗೆ ದಾರಿ ಹತ್ತಿರವಾಯಿತು. ಗಾಳಿಯನ್ನು ನಂಬಿದ ಹಡಗುಗಳಿಗೆ ಆ ಕಾಲುವೆಯೂ ಕೆಂಪು ಸಮುದ್ರವೂ ಒಗ್ಗುತ್ತಿರಲಿಲ್ಲ. ಸರಕು ಉಗಿಯ ಕಡೆ ಹೋಯಿತು. ಸ್ಲೋಕಮ್ ಒಂದೊಂದೇ ಮೆಟ್ಟಿಲು ಇಳಿದ. 1887ರ ಕೊನೆಯಲ್ಲಿ ಅವನ ಕೈಯಲ್ಲಿ ಉಳಿದಿದ್ದ ‘ಅಕ್ವಿಡ್‌ನೆಕ್’ ಎಂಬ ಹಡಗು ಬ್ರೆಜಿಲ್ ತೀರದಲ್ಲಿ ಮರಳಿಗೆ ಸಿಕ್ಕಿ ಒಡೆಯಿತು. ವಿಮೆ ಇರಲಿಲ್ಲ. ಜೊತೆಯಲ್ಲಿ ಎರಡನೇ ಹೆಂಡತಿ ಹೆಟ್ಟಿ, ಇಬ್ಬರು ಗಂಡುಮಕ್ಕಳು. ಊರಿಗೆ ಹೋಗಲು ಟಿಕೆಟ್ಟಿಗೆ ಕೈ ಚಾಚುವ ಬದಲು ಅವನು ಒಡೆದ ಹಡಗಿನಿಂದ ಉಳಿಸಿದ ಸಾಮಾನು, ಅಲ್ಲೇ ಕಡಿದ ಮರ ಸೇರಿಸಿ 35 ಅಡಿಯ ದೋಣಿ ಕಟ್ಟಿದ. ಹಾಯಿಗಳನ್ನು ಹೊಲಿದವಳು ಹೆಟ್ಟಿ. ದೋಣಿ ನೀರಿಗಿಳಿದದ್ದು 1888ರ ಮೇ 13ರಂದು. ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾದ ದಿನ ಅದು. ಆದ್ದರಿಂದ ಅದಕ್ಕೆ ‘ಲಿಬರ್ದಾದಿ’, ಅಂದರೆ ಸ್ವಾತಂತ್ರ್ಯ, ಎಂದು ಹೆಸರಿಟ್ಟ. ಐದು ಸಾವಿರಕ್ಕೂ ಹೆಚ್ಚು ಮೈಲಿ ಸಾಗಿ ಆ ಸಂಸಾರ ಅಮೆರಿಕ ತಲುಪಿತು. ಹೆಟ್ಟಿ ಅದಾದ ಮೇಲೆ ಗಂಡನ ಜೊತೆ ಸಮುದ್ರಯಾನಕ್ಕೆ ಹೋಗಲಿಲ್ಲ. ಅವಳನ್ನು ಯಾರೂ ದೂರುವಂತಿಲ್ಲ.

ಈಗ ಹೊಲಕ್ಕೆ ಬರೋಣ. 1892ರ ಚಳಿಗಾಲ. ಸ್ಲೋಕಮ್‌ಗೆ ಹತ್ತಿರ ಹತ್ತಿರ ನಲವತ್ತೆಂಟು ವರ್ಷ. ಬಾಸ್ಟನ್‌ನಲ್ಲಿ ಕೆಲಸವಿಲ್ಲದ ಕ್ಯಾಪ್ಟನ್. ಹಡಗುಕಟ್ಟೆಯಲ್ಲಿ ಕೂಲಿ ಮಾಡೋಣ ಎಂದರೆ ಅಲ್ಲಿನ ಸಂಘಕ್ಕೆ ಮೊದಲು 50 ಡಾಲರ್ ಕಟ್ಟಬೇಕು. ಆಗ ಸಿಕ್ಕವನು ತಿಮಿಂಗಿಲ ಬೇಟೆಯಿಂದ ನಿವೃತ್ತನಾದ ಈಬೆನ್ ಪಿಯರ್ಸ್ ಎಂಬ ಹಳೆಯ ಕ್ಯಾಪ್ಟನ್. ಫೇರ್‌ಹೇವನ್‌ಗೆ ಬಾ, ನಿನಗೊಂದು ಹಡಗು ಕೊಡುತ್ತೇನೆ, ಸ್ವಲ್ಪ ರಿಪೇರಿ ಇದೆ ಎಂದ. ಸ್ಲೋಕಮ್ ಮರುದಿನವೇ ಹೋದ. ಹೋಗಿ ನೋಡಿದರೆ ಹೊಲದ ನಡುವೆ ಆಸರೆ ಕೊಟ್ಟು ನಿಲ್ಲಿಸಿ, ಕ್ಯಾನ್ವಾಸ್ ಹೊದಿಸಿದ ಒಂದು ಮುದಿ ದೋಣಿ. ಸಿಂಪಿ ಹಿಡಿಯಲು ಬಳಸುತ್ತಿದ್ದ ‘ಸ್ಪ್ರೇ’. ಪಿಯರ್ಸ್ ಅದಕ್ಕೆ ಏನು ಗತಿ ಕಾಣಿಸುತ್ತಾನೋ ಎಂದು ಏಳು ವರ್ಷದಿಂದ ಊರವರು ಕೇಳುತ್ತಲೇ ಇದ್ದರಂತೆ. ಕೊಟ್ಟದ್ದು ದಾನವೋ ತಮಾಷೆಯೋ ಹೇಳುವುದು ಕಷ್ಟ.

ಊರವರು ಸುತ್ತ ನೆರೆದರು. ದೋಣಿಯನ್ನು ಒಡೆದು ಸೌದೆ ಮಾಡಲು ಬಂದಿದ್ದಾನೆ ಎಂದುಕೊಂಡಿದ್ದರು. ಇಲ್ಲ, ಮತ್ತೆ ಕಟ್ಟುತ್ತೇನೆ ಎಂದಾಗ ಅವರಿಂದ ಬಂದ ಪ್ರಶ್ನೆ ನಮ್ಮ ನಿಮ್ಮ ಮನೆಗಳಲ್ಲಿ ದಿನಾ ಕೇಳಿಬರುವುದೇ: ಇದರಿಂದ ಏನಾದರೂ ಗಿಟ್ಟುತ್ತಾ? ಮ್ಯೂಸಿಕ್ ಓದುತ್ತೇನೆ, ಇತಿಹಾಸ ಓದುತ್ತೇನೆ ಎಂದು ಅಪ್ಪ ಅಮ್ಮನಿಗೆ ಹೇಳಿದವರಿಗೆ ಈ ಪ್ರಶ್ನೆ ಯಾವ ದನಿಯಲ್ಲಿ ಬರುತ್ತದೆಂದು ನಾನು ವಿವರಿಸಬೇಕಿಲ್ಲ. ಗಿಟ್ಟಿಸುತ್ತೇನೆ ಎಂದನಂತೆ ಸ್ಲೋಕಮ್.

ಕೆಲಸ ಹೇಗೆ ನಡೆಯಿತು ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಇಡೀ ಕಥೆಯ ಜೀವ ಇರುವುದು ಇಲ್ಲಿಯೇ. ಮರದ ದೋಣಿಗೆ ಒಂದು ಬೆನ್ನುಮೂಳೆ ಇರುತ್ತದೆ. ತಳದಲ್ಲಿ ಉದ್ದಕ್ಕೂ ಓಡುವ ಅಡಿಮರ. ಅದರಿಂದ ಎರಡೂ ಕಡೆಗೆ ಪಕ್ಕೆಲುಬುಗಳ ಹಾಗೆ ಬಾಗಿದ ಮರಗಳು ಏಳುತ್ತವೆ. ಅವುಗಳ ಮೇಲೆ ಹಲಗೆಗಳು. ಸ್ಲೋಕಮ್ ಹತ್ತಿರದಲ್ಲೇ ಇದ್ದ ಗಟ್ಟಿಮುಟ್ಟಾದ ಓಕ್ ಮರ ಕಡಿದು ಹೊಸ ಅಡಿಮರ ಮಾಡಿದ. ಪಕ್ಕೆಲುಬುಗಳಿಗೆ ಎಳೆಯ ಮರಗಳನ್ನು ತಂದು, ಮರದ ಪೆಟ್ಟಿಗೆಯೊಳಗಿಟ್ಟು, ಕುದಿಯುವ ನೀರಿನ ಹಬೆ ಹಾಯಿಸಿ ಮೆದುವಾಗಿಸಿದ. ಬಿಸಿ ಆರುವ ಮೊದಲು ದಿಮ್ಮಿಯ ಮೇಲೆ ಬಾಗಿಸಿ ಕಟ್ಟಿದ. ಇಡ್ಲಿ ಬೇಯಿಸುವ ಹಬೆಯೇ ಓಕ್ ಮರವನ್ನೂ ಬಗ್ಗಿಸುತ್ತದೆ. ಹಲಗೆಗಳಿಗೆ ಜಾರ್ಜಿಯಾದ ಪೈನ್, ಒಂದೂವರೆ ಇಂಚು ದಪ್ಪ. ಜೋಡಣೆಗೆ ಸುಮಾರು ಸಾವಿರ ಬೋಲ್ಟು. ಮೂತಿಯ ಮರವಂತೂ ಹಿಮದ ಗಡ್ಡೆಗೆ ಗುದ್ದಿದರೂ ಜಗ್ಗದಷ್ಟು ಗಟ್ಟಿ.

ಹಲಗೆ ಹೊಡೆದರೆ ಮುಗಿಯಲಿಲ್ಲ. ಹಲಗೆ ಹಲಗೆಯ ನಡುವೆ ಸಂದು ಇರುತ್ತದಲ್ಲ, ಅದಕ್ಕೆ ಹತ್ತಿಯನ್ನೂ ಡಾಂಬರು ಕುಡಿದ ಹಗ್ಗದ ನಾರನ್ನೂ ಉಳಿಯಿಂದ ತುರುಕಿ ತುಂಬಬೇಕು. ದೋಣಿ ನೀರಿಗಿಳಿದ ಮೇಲೆ ಹಲಗೆ ಉಬ್ಬುತ್ತದೆ. ಉಬ್ಬಿ ಸಂದನ್ನು ಬಿಗಿಯುತ್ತದೆ. ನೋಡಲು ಬಂದ ಹಳೆಯ ಕ್ಯಾಪ್ಟನ್‌ಗಳಲ್ಲಿ ಒಬ್ಬ ಈ ಹತ್ತಿ ನಿಲ್ಲುವುದಿಲ್ಲ, ತೆವಳಿ ಹೊರಗೆ ಬರುತ್ತದೆ ಎಂದು ಹೆದರಿಸಿದ. ಬರಲಿಲ್ಲ. ಕೊನೆಗೆ ತಳಕ್ಕೆ ತಾಮ್ರದ ಬಣ್ಣ, ಮೇಲೆ ಬಿಳಿ ಬಣ್ಣ, ನ್ಯೂ ಹ್ಯಾಂಪ್‌ಷೈರ್‌ನ ಸ್ಪ್ರೂಸ್ ಮರದಿಂದ ಹಾಯಿಕಂಬ.

ತಾಮ್ರದ ಬಣ್ಣ ಅಲಂಕಾರಕ್ಕಲ್ಲ. ಬೆಚ್ಚಗಿನ ಸಮುದ್ರಗಳಲ್ಲಿ ‘ಟೆರಿಡೋ’ ಎಂಬ ಜೀವಿ ಇದೆ. ಹುಳುವಿನಂತೆ ಕಂಡರೂ ಅದು ಚಿಪ್ಪಿನ ಜಾತಿಗೆ ಸೇರಿದ್ದು. ನೀರಲ್ಲಿರುವ ಮರದೊಳಗೆ ಸಣ್ಣ ತೂತು ಕೊರೆದು ಹೊಕ್ಕು, ಒಳಗೊಳಗೇ ಸುರಂಗ ಮಾಡಿ, ಹೊರಗಿನಿಂದ ಏನೂ ಕಾಣದ ಹಾಗೆ ಹಲಗೆಯನ್ನು ಜೇನುಗೂಡಾಗಿಸುತ್ತದೆ. ತಾಮ್ರ ಅದಕ್ಕೆ ವಿಷ. ನಮ್ಮ ಕರಾವಳಿಯಲ್ಲಿ ಇದೇ ಶತ್ರುವಿಗೆ ಬೇರೆ ಮದ್ದು: ದೋಣಿಯನ್ನು ದಡಕ್ಕೆಳೆದು ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು. ಮಂಗಳೂರು, ಮಲ್ಪೆ ಕಡೆಯ ಅಜ್ಜಂದಿರು ಯಾರಾದರೂ ನಿಮ್ಮ ಮನೆಯಲ್ಲಿದ್ದರೆ ಆ ವಾಸನೆ ಹೇಗಿತ್ತೆಂದು ಕೇಳಿ. ಮರೆತಿರುವುದಿಲ್ಲ.

ಹದಿಮೂರು ತಿಂಗಳ ದುಡಿಮೆ. ಸಾಮಾನಿಗೆ ಬಿದ್ದ ಖರ್ಚು 553 ಡಾಲರ್ 62 ಸೆಂಟ್. ಆ 62 ಸೆಂಟನ್ನೂ ಬಿಡದೆ ಲೆಕ್ಕ ಇಟ್ಟದ್ದು ನನಗೆ ಬಹಳ ಇಷ್ಟ. ಒಂದೊಂದು ಮೊಳೆಯೂ ಯೋಚಿಸಿ ಕೊಂಡ ಮೊಳೆ. ತಯಾರಾದ ದೋಣಿ 36 ಅಡಿ 9 ಇಂಚು ಉದ್ದ, 14 ಅಡಿ 2 ಇಂಚು ಅಗಲ. ಹಿಂದೆ ಹತ್ತಡಿ ಹನ್ನೆರಡಡಿಯ ಕೋಣೆ. ಅದೇ ಮಲಗುವ ಜಾಗ, ಲೈಬ್ರರಿ, ಔಷಧಿ ಕಪಾಟು. ಮುಂದೆ ಆರಡಿ ಆರಡಿಯ ಅಡುಗೆಮನೆ. ನಡುವೆ ನೀರು, ಉಪ್ಪು ಹಾಕಿದ ಮಾಂಸ ಇಡುವ ಉಗ್ರಾಣ.

ಹಳೆಯ ಸ್ಪ್ರೇಯಿಂದ ಇದರಲ್ಲಿ ಉಳಿದದ್ದೇನು? ಹೆಚ್ಚುಕಡಿಮೆ ಏನೂ ಇಲ್ಲ. ಒಂದು ಮರ ಕಿತ್ತು ಅದೇ ಅಳತೆಗೆ ಇನ್ನೊಂದು ಹಾಕುತ್ತ ಹೋದದ್ದರಿಂದ ಹಳೆಯದು ಯಾವ ಹೊತ್ತಿಗೆ ಮುಗಿಯಿತು, ಹೊಸದು ಯಾವಾಗ ಶುರುವಾಯಿತು ಎಂದು ಅವನಿಗೇ ಗೊತ್ತಾಗಲಿಲ್ಲ. ತುಂಡು ತುಂಡಾಗಿ ರಿಪೇರಿಯಾದ ಹಡಗು ಪೂರ್ತಿ ಹೊಸದಾದರೂ ಹಳೆಯ ಹೆಸರಿನ ಹಡಗೇ ಎಂಬುದು ಹಡಗಿನವರ ಲೆಕ್ಕ. ಫಿಲಾಸಫಿ ಕ್ಲಾಸಿನಲ್ಲಿ ಥೀಸಿಯಸ್‌ನ ಹಡಗಿನ ಪ್ರಶ್ನೆ ಕೇಳಿರುತ್ತೀರಿ. ಅಲ್ಲಿ ಅದು ಒಗಟು. ಸ್ಲೋಕಮ್‌ಗೆ ಅದು ಒಗಟೇ ಆಗಿರಲಿಲ್ಲ. ಅಳತೆ ಉಳಿದಿತ್ತು, ಆಕಾರ ಉಳಿದಿತ್ತು, ಹೆಸರು ಉಳಿದಿತ್ತು; ಅಷ್ಟು ಸಾಕು.

ಒಂದು ಸೀಸನ್ ಮೀನು ಹಿಡಿಯಲು ನೋಡಿದ. ಗಾಳಕ್ಕೆ ಎರೆ ಸಿಕ್ಕಿಸುವ ಚಾಲಾಕಿತನ ತನಗಿಲ್ಲ ಎಂದು ಬೇಗ ಗೊತ್ತಾಯಿತು. 1895ರ ಏಪ್ರಿಲ್ 24ರಂದು, ಐವತ್ತೊಂದರ ವಯಸ್ಸಿನಲ್ಲಿ, ಬಾಸ್ಟನ್‌ನಿಂದ ಒಬ್ಬನೇ ಹೊರಟ. ಈಜು ಬರುತ್ತಿರಲಿಲ್ಲ. ಸಮಯ ನೋಡಲು ಇದ್ದ ಒಳ್ಳೆಯ ಕ್ರೊನೊಮೀಟರ್ ರಿಪೇರಿಗೆ 15 ಡಾಲರ್ ಕೇಳಿದರೆಂದು ಅದನ್ನು ಬಿಟ್ಟು, ನೋವಾ ಸ್ಕೋಷಿಯಾದಲ್ಲಿ ಮುಖ ಒಡೆದ ಒಂದು ತಗಡಿನ ಗಡಿಯಾರ ಕೊಂಡ. ಒಂದೂವರೆ ಡಾಲರಿನದು, ಗಾಜು ಒಡೆದದ್ದಕ್ಕೆ ಒಂದು ಡಾಲರ್. ದಡಕ್ಕೆ ಹೋಗಲು ಸಣ್ಣ ದೋಣಿ ಬೇಕಿತ್ತು. ಯಾರೋ ಬಿಟ್ಟಿದ್ದ ಡೋರಿಯನ್ನು ನಡುವೆ ಕತ್ತರಿಸಿ, ತೆರೆದ ಕಡೆ ಹಲಗೆ ಹೊಡೆದ. ಇಡೀ ದೋಣಿಗೆ ಡೆಕ್ ಮೇಲೆ ಜಾಗ ಇರಲಿಲ್ಲ, ಅರ್ಧಕ್ಕೆ ಇತ್ತು. ಅದೇ ಅವನ ಬಟ್ಟೆ ಒಗೆಯುವ ತೊಟ್ಟಿ, ಅದೇ ಸ್ನಾನದ ತೊಟ್ಟಿ.

ಮೂರು ವರ್ಷ, 46,000 ಮೈಲಿ. ಎಲ್ಲವನ್ನೂ ಹೇಳಲು ಇಲ್ಲಿ ಸಮಯ ಸಾಲದು. ಜಿಬ್ರಾಲ್ಟರ್‌ವರೆಗೆ ಹೋಗಿ, ಮೊರಾಕೊ ತೀರದಲ್ಲಿ ಕಡಲ್ಗಳ್ಳರಿಂದ ತಪ್ಪಿಸಿಕೊಂಡು, ಮತ್ತೆ ಅಟ್ಲಾಂಟಿಕ್ ದಾಟಿ ದಕ್ಷಿಣ ಅಮೆರಿಕಕ್ಕೆ ಬಂದ. ಬ್ಯೂನಸ್ ಐರಿಸ್‌ನಲ್ಲಿ ಹಾಯಿಕಂಬವನ್ನು ಏಳಡಿ ಮೊಟಕು ಮಾಡಿದ; ಮುಂದಿನ ಗಾಳಿಗೆ ಅಷ್ಟೆತ್ತರ ಬೇಡ ಎಂದು ಅವನಿಗೆ ಅನ್ನಿಸಿತ್ತು. ಮೆಗೆಲನ್ ಜಲಸಂಧಿ ದಾಟಿ ಪೆಸಿಫಿಕ್‌ಗೆ ಬಂದ ಕೂಡಲೇ ಬಿರುಗಾಳಿ ಹಾಯಿಯನ್ನು ಚಿಂದಿ ಮಾಡಿ ಅವನನ್ನು ದಕ್ಷಿಣಕ್ಕೆ ಅಟ್ಟಿತು. ಬಂಡೆಗಳ ನಡುವೆ ನುಸುಳಿ ಮತ್ತೆ ಜಲಸಂಧಿಗೇ ಬಂದು ಸೇರಿ, ಸೂಜಿ ದಾರ ಹಿಡಿದು ಕೂತ. ಸಿಕ್ಕ ಬಟ್ಟೆಯಲ್ಲೆಲ್ಲ ತೇಪೆ ಹಾಕಿದ. ದೋಣಿಯ ಹಿಂಬದಿಯಲ್ಲಿ ಇನ್ನೊಂದು ಸಣ್ಣ ಹಾಯಿಯನ್ನೂ ಅಲ್ಲಿಯೇ ಸೇರಿಸಿದ. ಅಂದರೆ ದೋಣಿಯ ವಿನ್ಯಾಸವೇ ದಾರಿಯಲ್ಲಿ ಬದಲಾಯಿತು.

ಇಲ್ಲಿ ಒಂದು ಪ್ರಸಿದ್ಧ ಪ್ರಸಂಗ. ಪುಂತಾ ಅರೇನಾಸ್‌ನಲ್ಲಿ ಒಬ್ಬ ಸ್ನೇಹಿತ ಕೊಟ್ಟಿದ್ದ ಕಾರ್ಪೆಟ್ ಮೊಳೆಗಳನ್ನು ಸ್ಲೋಕಮ್ ರಾತ್ರಿ ಡೆಕ್ ಮೇಲೆ ಚೆಲ್ಲಿ ಮಲಗುತ್ತಿದ್ದ. ಕತ್ತಲಲ್ಲಿ ದೋಣಿ ಹತ್ತಿದ ಸ್ಥಳೀಯರು ಮೊಳೆ ತುಳಿದು ಕಿರುಚಿ ನೀರಿಗೆ ಹಾರಿದರು. ಓದುವಾಗ ನಗು ಬರುತ್ತದೆ. ಆದರೆ ಆ ಜನರ ಬಗ್ಗೆ ಅವನು ಬರೆದ ದನಿ ನನಗೆ ಹಿಡಿಸುವುದಿಲ್ಲ. ಅದು ಅವರ ಊರು, ಅವರ ನೀರು. ಅದೇ ವರ್ಷಗಳಲ್ಲಿ ಕುರಿ ಸಾಕಲು, ಚಿನ್ನ ಹುಡುಕಲು ಬಂದವರ ಕೈಯಲ್ಲಿ ಟಿಯೆರ‍್ರಾ ಡೆಲ್ ಫ್ಯೂಗೋದ ಮೂಲನಿವಾಸಿಗಳು ನಾಶವಾಗುತ್ತಿದ್ದರು. ಆ ಕಾಲದ ಪ್ರವಾಸ ಕಥನಗಳನ್ನು ಓದುವಾಗ ಮೊಳೆ ತುಳಿದವರ ಕಡೆಯಿಂದಲೂ ಒಮ್ಮೆ ನೋಡಬೇಕು.

ಪೆಸಿಫಿಕ್‌ನಲ್ಲಿ ಹ್ವಾನ್ ಫರ್ನಾಂಡಿಸ್ ದ್ವೀಪದಿಂದ ಸಮೋವಾಕ್ಕೆ 72 ದಿನ, ನಡುವೆ ಎಲ್ಲೂ ಇಳಿಯಲಿಲ್ಲ. ಟಾಸ್ಮೇನಿಯಾದ ಡೆವನ್‌ಪೋರ್ಟ್‌ನಲ್ಲಿ ದೋಣಿಯನ್ನು ನೀರಿನಿಂದ ಮೇಲೆತ್ತಿಸಿ, ತಳವನ್ನು ಇಂಚಿಂಚು ಪರೀಕ್ಷಿಸಿದ. ಟೆರಿಡೋ ಇರಲಿಲ್ಲ. ಆದರೂ ಮತ್ತೆ ತಾಮ್ರದ ಬಣ್ಣ. ಆಮೇಲೆ ಹಿಂದೂ ಮಹಾಸಾಗರದಲ್ಲಿ ಥರ್ಸ್‌ಡೇ ದ್ವೀಪದಿಂದ ಕೋಕೋಸ್ ದ್ವೀಪಕ್ಕೆ 2,700 ಮೈಲಿ, 23 ದಿನ. ಅಷ್ಟೂ ದಿನದಲ್ಲಿ ಅವನು ಚುಕ್ಕಾಣಿ ಹಿಡಿದದ್ದು ಮೂರು ಗಂಟೆಗೂ ಕಡಿಮೆ. ಎಂಜಿನ್ ಇಲ್ಲ, ಯಾವ ಯಂತ್ರವೂ ಇಲ್ಲ. ಹಾಯಿಗಳ ಸಮತೋಲ ಸರಿಹೊಂದಿಸಿ ಚುಕ್ಕಾಣಿ ಕಟ್ಟಿಬಿಟ್ಟರೆ ಸ್ಪ್ರೇ ತಾನೇ ನೆಟ್ಟಗೆ ಹೋಗುತ್ತಿತ್ತು; ಇವನು ಒಳಗೆ ಪುಸ್ತಕ ಓದುತ್ತಿದ್ದ. ಕೋಕೋಸ್‌ನಲ್ಲಿ ತಳದಲ್ಲಿದ್ದ ಸಿಮೆಂಟಿನ ಭಾರ ಎಸೆದು, ಅದರ ಬದಲು ಅಲ್ಲಿನ ದೈತ್ಯ ಚಿಪ್ಪುಗಳನ್ನು ತುಂಬಿಕೊಂಡ. ಸೇಂಟ್ ಹೆಲೆನಾದಲ್ಲಿ ಒಂದು ಮೇಕೆಯನ್ನು ಉಡುಗೊರೆಯಾಗಿ ಕೊಟ್ಟರು. ಅದು ಹಗ್ಗ ಕಡಿದುಕೊಂಡು ವೆಸ್ಟ್ ಇಂಡೀಸ್‌ನ ನಕ್ಷೆಯನ್ನೇ ತಿಂದುಹಾಕಿತು. ಮುಂದಿನ ಬಂದರಿನಲ್ಲಿ ಮೇಕೆಯನ್ನು ಇಳಿಸಿದ.

1898ರ ಜೂನ್ 27ರಂದು ರೋಡ್ ಐಲೆಂಡ್‌ನ ನ್ಯೂಪೋರ್ಟ್ ತಲುಪಿದ. ಒಬ್ಬನೇ ಜಗತ್ತು ಸುತ್ತಿದ ಮೊದಲಿಗ. ಅಲ್ಲಿಗೆ ನಿಲ್ಲಿಸದೆ ದೋಣಿಯನ್ನು ಫೇರ್‌ಹೇವನ್‌ಗೆ ಒಯ್ದು, ಮೊದಲ ಸಲ ನೀರಿಗಿಳಿಸಿದಾಗ ಕಟ್ಟಿದ್ದ ಅದೇ ಸೀಡರ್ ಗೂಟಕ್ಕೆ ಕಟ್ಟಿದ. 1900ರಲ್ಲಿ ಪುಸ್ತಕ ಬಂತು, ಹೆಸರಾಯಿತು. ಗಿಟ್ಟಿತು.

ಇಲ್ಲಿಗೆ ನಿಲ್ಲಿಸುವವರು ಬಹಳ. ನನಗೆ ಮುಂದಿನ ಹತ್ತು ವರ್ಷವೂ ಮುಖ್ಯ. ಮಾರ್ಥಾಸ್ ವಿನ್‌ಯರ್ಡ್ ದ್ವೀಪದಲ್ಲಿ ಜಮೀನು ಕೊಂಡ, ಆದರೆ ಬೇರು ಬಿಡಲಿಲ್ಲ. ಚಳಿಗಾಲ ಬಂದರೆ ಸ್ಪ್ರೇ ಹತ್ತಿ ವೆಸ್ಟ್ ಇಂಡೀಸ್ ಕಡೆ ಹೋಗಿಬಿಡುತ್ತಿದ್ದ. ಆ ವರ್ಷಗಳಲ್ಲಿ ದೋಣಿಯನ್ನು ನೋಡಿದವರು ಅದು ಸೊರಗಿತ್ತು, ಹಗ್ಗಗಳು ಸವೆದಿದ್ದವು, ಕ್ಯಾಪ್ಟನ್‌ಗೂ ಮೊದಲಿನ ಕಾಳಜಿ ಇರಲಿಲ್ಲ ಎಂದು ಹೇಳಿದ್ದಾರೆ. ಬೆಚ್ಚಗಿನ ನೀರಿನಲ್ಲಿ ವರ್ಷ ವರ್ಷ ನಿಂತ ಮರದ ದೋಣಿ ಅದು. ಟೆರಿಡೋ ಯಾರ ಕೀರ್ತಿಯನ್ನೂ ನೋಡುವುದಿಲ್ಲ. 1909ರ ನವೆಂಬರ್‌ನಲ್ಲಿ ಹೊರಟ ಎಂದು ಹೆಚ್ಚಿನ ಪುಸ್ತಕಗಳು ಹೇಳುತ್ತವೆ, 1908 ಎನ್ನುವವರೂ ಇದ್ದಾರೆ. ಮರಳಲಿಲ್ಲ. ಉಗಿಹಡಗು ಗುದ್ದಿತು ಎಂದು ಕೆಲವರು, ಹಲಗೆ ಬಿಟ್ಟುಕೊಂಡಿತು ಎಂದು ಕೆಲವರು. 1924ರಲ್ಲಿ ಕೋರ್ಟು ಅವನು ಸತ್ತಿದ್ದಾನೆಂದು ಘೋಷಿಸಿತು. ಹೊಲದಿಂದ ಎದ್ದುಬಂದ ದೋಣಿಯ ಒಂದು ಚೂರೂ ಸಿಗಲಿಲ್ಲ.

ಸ್ಲೋಕಮ್ ಬಿಟ್ಟುಹೋದದ್ದು ಒಂದು ಯೋಚನೆ: ಸಾಧಾರಣ ಜನ ಸಣ್ಣ ದೋಣಿಯಲ್ಲಿ ಬದುಕಬಹುದು, ಬದುಕುತ್ತಲೇ ಜಗತ್ತು ಸುತ್ತಬಹುದು. ಅದನ್ನು ಬದುಕಿ ತೋರಿಸಿದವರಲ್ಲಿ ಇಂಗ್ಲೆಂಡಿನ ಎರಿಕ್ ಮತ್ತು ಸೂಸನ್ ಹಿಸ್ಕಾಕ್ ದಂಪತಿ ದೊಡ್ಡ ಹೆಸರು. 1952ರಲ್ಲಿ ಮೂವತ್ತಡಿಯ ಮರದ ‘ವಾಂಡರರ್ ಥ್ರೀ’ ಕಟ್ಟಿಸಿ, ಅದರಲ್ಲಿ ಜಗತ್ತು ಸುತ್ತಿ, ಹಗ್ಗ ಹೇಗೆ ಕಟ್ಟಬೇಕು, ಬಣ್ಣ ಯಾವಾಗ ಬಳಿಯಬೇಕು ಎಂಬುದನ್ನೆಲ್ಲ ಪುಸ್ತಕ ಮಾಡಿದರು. ಅವರ ಕೈ ಬಿಟ್ಟ ಮೇಲೂ ಆ ದೋಣಿ ಮುದಿಯಾಗಲಿಲ್ಲ. ಜರ್ಮನಿಯ ಥೀಸ್ ಮಾಟ್ಸೆನ್ ಎಂಬ ದೋಣಿ ಬಡಗಿ ಅದನ್ನು ಕೊಂಡು, ಹೆಂಡತಿ ಕಿಕಿ ಎರಿಕ್ಸನ್ ಜೊತೆ ದಶಕಗಳ ಕಾಲ ಅದರಲ್ಲೇ ಸಂಸಾರ ಮಾಡಿದರು. ಅಂಟಾರ್ಕ್ಟಿಕಾಕ್ಕೆ ಹತ್ತಿರದ ಸೌತ್ ಜಾರ್ಜಿಯಾ ದ್ವೀಪದಲ್ಲಿ ಎರಡು ವರ್ಷಕ್ಕೂ ಹೆಚ್ಚು ಇದ್ದರು. ಬಡಗಿಯೇ ಮನೆಯ ಯಜಮಾನನಾದರೆ ಮನೆಗೆ ವಯಸ್ಸಾಗುವುದು ನಿಧಾನ.

1959ರಲ್ಲಿ ನ್ಯೂಯಾರ್ಕ್ ಬೋಟ್ ಶೋನಲ್ಲಿ ರೋಡ್ ಐಲೆಂಡಿನ ಪಿಯರ್ಸನ್ ಸೋದರಸಂಬಂಧಿಗಳು ‘ಟ್ರೈಟನ್’ ಎಂಬ 28 ಅಡಿಯ ಫೈಬರ್‌ಗ್ಲಾಸ್ ದೋಣಿ ತೋರಿಸಿದರು. ಅಲ್ಲಿಂದ ಆಟವೇ ಬದಲಾಯಿತು. ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಒಂದರ ಹಿಂದೆ ಒಂದು ದೋಣಿ ತೆಗೆಯಬಹುದು. ಟೆರಿಡೋ ತಿನ್ನುವುದಿಲ್ಲ, ಸಂದಿಗೆ ಹತ್ತಿ ತುರುಕುವ ಕೆಲಸವಿಲ್ಲ. ಆ ಕಾಲದ ದೋಣಿಗಳಲ್ಲಿ ಎಷ್ಟೋ ಇಂದಿಗೂ ನೀರಿನಲ್ಲಿವೆ. ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾದ ಬೋಟ್‌ಯಾರ್ಡ್‌ಗಳಲ್ಲಿ ಕಡಿಮೆ ದುಡ್ಡಿಗೆ ಹಳೆಯ ದೋಣಿ ಕೊಂಡು ಅದರಲ್ಲೇ ವಾಸ ಮಾಡುತ್ತ ರಿಪೇರಿ ಮಾಡುವ ದಂಪತಿಗಳನ್ನು ನೀವು ಈಗ ಕಾಣುವುದು ಇದರಿಂದಾಗಿಯೇ.

ಆದರೆ ಫೈಬರ್‌ಗ್ಲಾಸ್ ಕೊಳೆಯುವುದಿಲ್ಲ ಎಂದು ನಂಬಿ ಕೊಂಡವರು ಬೇಗ ಪಾಠ ಕಲಿಯುತ್ತಾರೆ. ಡೆಕ್ ಹಗುರವಾಗಿರಲಿ ಎಂದು ಎರಡು ಫೈಬರ್‌ಗ್ಲಾಸ್ ಪದರಗಳ ನಡುವೆ ಬಾಲ್ಸಾ ಮರ ಇಟ್ಟಿರುತ್ತಾರೆ. ಡೆಕ್‌ಗೆ ಬಿಗಿದ ಬೋಲ್ಟಿನ ಸುತ್ತ ಒಂದು ಕೂದಲೆಳೆ ಸಂದು ಬಿದ್ದರೂ ಸಾಕು, ನೀರು ಇಳಿದು ಒಳಗಿನ ಮರ ರಾಗಿ ಅಂಬಲಿಯಾಗುತ್ತದೆ. ಮೇಲಿಂದ ಬಣ್ಣ ಫಳಫಳ, ಕಾಲಿಟ್ಟರೆ ಮೆತ್ತಗೆ. ಹಾಯಿಕಂಬವನ್ನು ಹಿಡಿದ ಸ್ಟೇನ್‌ಲೆಸ್ ಸ್ಟೀಲ್ ತಂತಿಗಳು ಕಣ್ಣಿಗೆ ಕಾಣದ ಬಿರುಕಿನಿಂದ ಒಂದು ದಿನ ಫಟ್ಟನೆ ಹೋಗುತ್ತವೆ. ನೀರಿನ ಮಟ್ಟದ ಕೆಳಗಿರುವ ಕವಾಟಗಳ ಲೋಹ ಉಪ್ಪಿಗೆ ಸೊರಗುತ್ತದೆ. ಅದಕ್ಕೇ ಹಳೆಯ ದೋಣಿ ನೋಡಲು ಹೋಗುವ ಅನುಭವಿಗಳು ಸುತ್ತಿಗೆಯ ಹಿಡಿಯಿಂದ ಡೆಕ್ಕನ್ನು ಟಕ್ ಟಕ್ ಬಡಿಯುತ್ತ ನಡೆಯುತ್ತಾರೆ, ನಮ್ಮಮ್ಮಂದಿರು ತೆಂಗಿನಕಾಯಿ ತಟ್ಟಿ ನೋಡುವ ಹಾಗೆ. ದನಿ ಗಟ್ಟಿಯಾಗಿದ್ದರೆ ಸರಿ. ಮಂಕಾಗಿದ್ದರೆ ಒಳಗೆ ನೀರಿದೆ.

ಇನ್ನೊಂದು ದೋಣಿಯ ಕಥೆ ಹೇಳಲೇಬೇಕು. ಅದು ಹುಟ್ಟಿದ್ದು ಬಾಂಬೆಯಲ್ಲಿ. ಬ್ರಿಟಿಷ್ ಇಂಡಿಯಾ ಹಡಗು ಕಂಪನಿಯಲ್ಲಿ ಅಧಿಕಾರಿಯಾಗಿದ್ದ ರಾಬಿನ್ ನಾಕ್ಸ್-ಜಾನ್‌ಸ್ಟನ್ ಅಲ್ಲಿನ ಬಡಗಿಗಳಿಂದ 32 ಅಡಿಯ ತೇಗದ ದೋಣಿ ಕಟ್ಟಿಸಿದರು. ಬಡಗಿಗಳ ಕೈಯಲ್ಲಿದ್ದದ್ದು ಬಾಚಿ, ಮತ್ತು ಬಿಲ್ಲಿನ ದಾರ ಸುತ್ತಿ ತಿರುಗಿಸುವ ಕೈ ಬೈರಿಗೆ. 1964ರ ಡಿಸೆಂಬರ್‌ನಲ್ಲಿ, ಮೂತಿಗೆ ತೆಂಗಿನಕಾಯಿ ಒಡೆದು ನೀರಿಗಿಳಿಸಿದರು. ಹೆಸರು ‘ಸುಹೈಲಿ’, ಅರಬ್ಬೀ ಕಡಲಿನವರು ಆಗ್ನೇಯ ಗಾಳಿಗೆ ಕರೆಯುವ ಹೆಸರು. 1968ರ ಜೂನ್‌ನಿಂದ 1969ರ ಏಪ್ರಿಲ್‌ವರೆಗೆ 312 ದಿನ, ಎಲ್ಲೂ ನಿಲ್ಲದೆ, ಒಬ್ಬರೇ ಜಗತ್ತು ಸುತ್ತಿದರು. ಹಾಗೆ ಮಾಡಿದವರಲ್ಲಿ ಮೊದಲಿಗರು. ಹೊರಟ ಕೆಲವೇ ವಾರಗಳಲ್ಲಿ ಅಡಿಮರದ ಬಳಿ ಸಂದು ಸೋರತೊಡಗಿತ್ತು. ನಡು ಅಟ್ಲಾಂಟಿಕ್‌ನಲ್ಲಿ ನೀರಿಗೆ ಧುಮುಕಿ, ಉಸಿರು ಹಿಡಿದು, ಸಂದಿಗೆ ಹತ್ತಿ ತುರುಕಿ, ಮೇಲೆ ಕ್ಯಾನ್ವಾಸ್ ಪಟ್ಟಿ ಹೊಡೆದು ಮುಚ್ಚಿದರು. ನಡುವೆ ಶಾರ್ಕ್ ಒಂದು ಬಂದು ಸುತ್ತುಹಾಕುತ್ತಿದ್ದರಿಂದ ಕೆಲಸ ನಿಲ್ಲಿಸಿ ಮೇಲೆ ಹತ್ತಬೇಕಾಯಿತು.

ಅಂಥ ದೋಣಿಯನ್ನು 1990ರ ದಶಕದ ಕೊನೆಯಲ್ಲಿ ಲಂಡನ್ನಿನ ಗ್ರೀನಿಚ್ ಕಡಲ ಮ್ಯೂಸಿಯಂನಲ್ಲಿಟ್ಟು ಗೌರವಿಸಿದರು. ಒಳಗೆ ಗಾಳಿ ಒಣಒಣ. ಬಿರುಗಾಳಿ ಮಾಡಲಾಗದ್ದನ್ನು ಆ ಒಣ ಗಾಳಿ ಮಾಡತೊಡಗಿತು: ಹಲಗೆಗಳು ಕುಗ್ಗಿ ಸಂದು ಬಿಟ್ಟವು. ನಾಕ್ಸ್-ಜಾನ್‌ಸ್ಟನ್ 2002ರಲ್ಲಿ ದೋಣಿಯನ್ನು ಹೊರಗೆ ತಂದರು. ಪೋರ್ಟ್ಸ್‌ಮತ್ ಬಳಿ ವರ್ಷಗಟ್ಟಲೆ ತಾವೇ ಕೂತು, ತುಕ್ಕು ಹಿಡಿದ ಕಬ್ಬಿಣದ ಬೋಲ್ಟುಗಳನ್ನು ಕಿತ್ತು ಹೊಸ ಲೋಹದವನ್ನು ಹಾಕಿ, ಎಪ್ಪತ್ತು ದಾಟಿದ ಮೇಲೆ ಅದನ್ನು ಮತ್ತೆ ನೀರಿಗಿಳಿಸಿದರು. ಬಾಂಬೆಯ ಬಡಗಿಗಳು ಹಾಕಿದ ತೇಗ ಇನ್ನೂ ಗಟ್ಟಿಯಾಗಿಯೇ ಇತ್ತು.

ಆ ಓಟದ ನೆನಪಿಗೆ 2018ರಲ್ಲಿ ಗೋಲ್ಡನ್ ಗ್ಲೋಬ್ ರೇಸನ್ನು ಮತ್ತೆ ಶುರು ಮಾಡಿದಾಗ ಇಟ್ಟ ನಿಯಮ: 1988ಕ್ಕೆ ಮುಂಚಿನ ವಿನ್ಯಾಸದ ದೋಣಿಯೇ ಆಗಬೇಕು, ದಾರಿ ನೋಡಲು ಜಿಪಿಎಸ್ ಬಳಸುವಂತಿಲ್ಲ. ಭಾರತೀಯ ನೌಕಾಪಡೆಯ ಅಭಿಲಾಷ್ ಟೋಮಿ ಅದರಲ್ಲಿ ಗೋವಾದಲ್ಲಿ ಕಟ್ಟಿದ ಸುಹೈಲಿಯ ಪ್ರತಿರೂಪ ‘ತುರೀಯ’ದಲ್ಲಿ ಹೊರಟರು. ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಬಿರುಗಾಳಿಗೆ ದೋಣಿ ಮಗುಚಿ ಹಾಯಿಕಂಬ ಮುರಿಯಿತು, ಅವರ ಬೆನ್ನುಮೂಳೆಗೂ ಪೆಟ್ಟಾಯಿತು. ಫ್ರೆಂಚ್ ಹಡಗೊಂದು ಬಂದು ಉಳಿಸಿತು. ಮತ್ತೆ ನಡೆಯಲು ಕಲಿತ ಮನುಷ್ಯ 2022ರಲ್ಲಿ ‘ಬಯಾನತ್’ ಎಂಬ ದೋಣಿಯಲ್ಲಿ ಅದೇ ರೇಸಿಗೆ ಮತ್ತೆ ಹೊರಟರು. ಗೆದ್ದದ್ದು ದಕ್ಷಿಣ ಆಫ್ರಿಕಾದ ಕಿರ್ಸ್ಟನ್ ನಾಯ್‌ಶೇಫರ್. ಅವರೂ ಕೆನಡಾದಲ್ಲಿ ಒಂದು ಹಳೆಯ ದೋಣಿಯನ್ನು ರಿಪೇರಿ ಮಾಡಿಕೊಂಡೇ ಬಂದವರು. ಅಭಿಲಾಷ್ 236 ದಿನಗಳ ಮೇಲೆ, 2023ರ ಏಪ್ರಿಲ್ 29ರಂದು, ಎರಡನೆಯವರಾಗಿ ದಡ ಸೇರಿದರು. ದಾರಿಯಲ್ಲಿ ದೋಣಿಯನ್ನು ತಾನೇ ನಡೆಸುವ ಗಾಳಿಪಟ್ಟಿಯ ಯಂತ್ರ ಕೈಕೊಟ್ಟಿತ್ತು. ತಂದಿದ್ದ ಬಿಡಿಭಾಗಗಳೂ ಮುಗಿದಿದ್ದವು. ಸುತ್ತ ನೋಡಿದರು, ಟಾಯ್ಲೆಟ್ಟಿನ ಬಾಗಿಲು ಕಂಡಿತು. ಕಿತ್ತು, ಕೊಯ್ದು, ಅದರಿಂದಲೇ ಹೊಸ ಪಟ್ಟಿ ಮಾಡಿ ಸಿಕ್ಕಿಸಿದರು. ಒಬ್ಬರೇ ಇದ್ದ ದೋಣಿ. ಬಾಗಿಲು ಹೇಗೂ ಬೇಕಿರಲಿಲ್ಲ.